"ಎಎಂಸಿಎ 210 ಪ್ರಕಾರ ಪರೀಕ್ಷಿಸಿದೆ" ಎಂದರೆ ಪ್ರಮಾಣೀಕೃತ ಎಂದೇ ಅರ್ಥವೇ? ಅಡುಗೆಮನೆ ಬ್ಲೋವರ್ ಖರೀದಿಗೆ ಸಲಹೆ ಬೇಕು

ಛತ್ರದ_ಉಸ್ತುವಾರಿ
ಎಲ್ಲರಿಗೂ ನಮಸ್ಕಾರ. ತುಮಕೂರಿನ ಹತ್ತಿರ ನಮ್ಮ ಕಲ್ಯಾಣ ಮಂಟಪಕ್ಕೆ ಹೊಸ ಅಡುಗೆಮನೆ ಕಟ್ಟಿಸುತ್ತಿದ್ದೇವೆ. ಹಳೆಯದರಲ್ಲಿ ಹೊಗೆ ಹೊರಗೆ ಹೋಗುವ ದಾರಿಯೇ ಇರಲಿಲ್ಲ, ಅಡುಗೆ ಭಟ್ಟರು ಕಣ್ಣೊರೆಸಿಕೊಂಡೇ ಕೆಲಸ ಮಾಡುತ್ತಿದ್ದರು. ಸಲಹೆಗಾರ ಎಂಜಿನಿಯರ್ ಒಲೆಗಳ ಮೇಲೆ ಹೊಗೆ ಹಿಡಿಯಲು 3 ಮೀಟರ್ ಉದ್ದ, 1.2 ಮೀಟರ್ ಅಗಲದ ಹುಡ್ ಹಾಕಿಸಲು ಹೇಳಿದ್ದಾರೆ. ಅದಕ್ಕೆ 3,800 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ), 40 ಮಿ.ಮೀ. ನೀರಿನ ಸ್ಟ್ಯಾಟಿಕ್ ಒತ್ತಡ (ಗಾಳಿ ಸಾಗುವ ಕೊಳವೆ, ಅಂದರೆ ಡಕ್ಟ್‌ನ ಅಡೆತಡೆ ಮೀರಲು ಬೇಕಾದದ್ದು) ಕೊಡುವ ಸೆಂಟ್ರಿಫ್ಯೂಗಲ್ ಬ್ಲೋವರ್ ಬೇಕು, "ಎಎಂಸಿಎ ಪ್ರಮಾಣೀಕೃತ ರೇಟಿಂಗ್ ಇರಬೇಕು" ಎಂದು ಬರೆದುಕೊಟ್ಟಿದ್ದಾರೆ. ಎಎಂಸಿಎ ಎಂದರೆ ಫ್ಯಾನ್ ಮೊದಲಾದವುಗಳ ಅಂಕಿಗಳನ್ನು ಪ್ರಮಾಣೀಕರಿಸುವ ಅಮೆರಿಕದ ಸಂಸ್ಥೆಯಂತೆ.

ಎರಡು ಕೊಟೇಶನ್ ಬಂದಿವೆ. ಒಂದರಲ್ಲಿ ಎಎಂಸಿಎ ಮುದ್ರೆ ಇದೆ, ಬೆಲೆ ಇನ್ನೊಂದರ ಹೆಚ್ಚುಕಡಿಮೆ ಎರಡರಷ್ಟು. ಇನ್ನೊಬ್ಬರು ತಮ್ಮ ಲೆಟರ್‌ಹೆಡ್‌ನಲ್ಲಿ "ಎಎಂಸಿಎ 210 ಪ್ರಕಾರ ಪರೀಕ್ಷಿಸಲಾಗಿದೆ" ಎಂದು ಬರೆದು, 3,800 ಸಿಎಫ್‌ಎಂ, 40 ಮಿ.ಮೀ., 1 ಎಚ್‌ಪಿ ಮೋಟಾರ್ ಎಂದು ನಮೂದಿಸಿದ್ದಾರೆ. "ಎರಡೂ ಒಂದೇ ಸ್ವಾಮಿ, ಮುದ್ರೆಗೆ ಸುಮ್ಮನೆ ದುಡ್ಡು ಕೊಡುತ್ತೀರಿ" ಎನ್ನುತ್ತಾರೆ. ಟ್ರಸ್ಟ್‌ನ ಹಣ, ನಾನು ಸಮಿತಿಗೆ ಉತ್ತರ ಹೇಳಬೇಕು. ನಿಜವಾಗಿ ವ್ಯತ್ಯಾಸವೇನು?

ಹವಾ_ಎಂಜಿನಿಯರ್
ಒಂದೇ ಅಲ್ಲ. ಎಎಂಸಿಎ 210 ಎಂಬುದು ಪರೀಕ್ಷಾ ವಿಧಾನದ ಹೆಸರು. ಆ ವಿಧಾನದಂತೆ ಪರೀಕ್ಷಿಸಿದ್ದೇನೆ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. ಯಾವ ಫ್ಯಾನ್, ಯಾವ ಸೈಜ್, ಎಲ್ಲಿ, ಯಾವಾಗ ಎಂದು ಕೇಳುವವರಿಲ್ಲ. ಪ್ರಮಾಣೀಕೃತ ರೇಟಿಂಗ್ ಬೇರೆ ವಿಷಯ, ಅದರ ನಿಯಮಗಳು ಎಎಂಸಿಎ 211ರಲ್ಲಿವೆ. ಅಲ್ಲಿ ಪರೀಕ್ಷೆ ನಡೆದ ಮೇಲೆ ಸಂಸ್ಥೆಯವರು ಕ್ಯಾಟಲಾಗ್ ತರಿಸಿಕೊಂಡು, ಮುದ್ರಿಸಿದ ಅಂಕಿಗಳು ಪರೀಕ್ಷೆಯ ಅಂಕಿಗಳಿಗೆ ಹೊಂದುತ್ತವೆಯೇ ಎಂದು ನೋಡುತ್ತಾರೆ. ಆಮೇಲೂ ನಿಗದಿತ ಅವಧಿಗೊಮ್ಮೆ ಅದೇ ಫ್ಯಾನನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕು. ಪ್ರತಿಸ್ಪರ್ಧಿ ಕಂಪನಿಯೂ "ಈ ಅಂಕಿ ಸುಳ್ಳು" ಎಂದು ಸವಾಲು ಹಾಕಿ ಪರೀಕ್ಷೆ ಮಾಡಿಸಬಹುದು. ಸೋತರೆ ಅಂಕಿ ತಿದ್ದಬೇಕು, ಇಲ್ಲವೇ ಮುದ್ರೆ ಬಿಡಬೇಕು. ನೀವು ಹೆಚ್ಚಿಗೆ ಕೊಡುವ ಹಣ ಈ ಕಾವಲಿಗೆ.

ಇನ್ನೊಂದು ಮಾತು. ಮುದ್ರೆ ಕಂಪನಿಗೆ ಸಿಗುವುದಿಲ್ಲ, ಒಂದು ಉತ್ಪನ್ನ ಸಾಲಿಗೆ ಸಿಗುತ್ತದೆ. ಅದೇ ಕಂಪನಿಯ ಪಕ್ಕದ ಮಾದರಿಗೆ ಮುದ್ರೆ ಇಲ್ಲದಿರಬಹುದು. ಎಎಂಸಿಎ ಜಾಲತಾಣದಲ್ಲಿ ಪರವಾನಗಿ ಪಡೆದ ಉತ್ಪನ್ನಗಳ ಪಟ್ಟಿ ಎಲ್ಲರಿಗೂ ತೆರೆದಿದೆ. ಮಾದರಿಯ ಹೆಸರನ್ನು ಅಲ್ಲಿ ಹುಡುಕಿ, ಸಿಕ್ಕರೆ ಮಾತ್ರ ನಂಬಿ.

ದ್ರವಬಲ
ಮುದ್ರೆಯ ಚರ್ಚೆಗೆ ಮೊದಲೇ ಆ ಎರಡನೆಯ ಕೊಟೇಶನ್ ಬಿದ್ದುಹೋಗುತ್ತದೆ. ಲೆಕ್ಕ ಮಾಡೋಣ.

3,800 ಸಿಎಫ್‌ಎಂ ಎಂದರೆ ಸೆಕೆಂಡಿಗೆ ಸುಮಾರು 1.8 ಘನ ಮೀಟರ್. 40 ಮಿ.ಮೀ. ನೀರು ಎಂದರೆ ಸುಮಾರು 392 ಪ್ಯಾಸ್ಕಲ್. ಎರಡನ್ನೂ ಗುಣಿಸಿದರೆ 706 ವ್ಯಾಟ್. ಇದು ಗಾಳಿಗೆ ಸೇರಲೇಬೇಕಾದ ಶಕ್ತಿ. 1 ಎಚ್‌ಪಿ ಮೋಟಾರ್ ಶಾಫ್ಟಿನಲ್ಲಿ ಕೊಡುವುದು 746 ವ್ಯಾಟ್. ಹಾಗಾದರೆ ಬೆಲ್ಟು, ಬೇರಿಂಗು, ಇಂಪೆಲ್ಲರ್ (ಗಾಳಿ ತಳ್ಳುವ ಚಕ್ರ), ಕವಚ ಎಲ್ಲ ಸೇರಿ ದಕ್ಷತೆ 95 ಶೇಕಡಾ ಆಗಬೇಕು. ಅಂತಹ ಅಡುಗೆಮನೆ ಬ್ಲೋವರ್ ಭೂಮಿಯ ಮೇಲಿಲ್ಲ. 50 ಶೇಕಡಾ ಎಂದು ಇಟ್ಟುಕೊಂಡರೂ ಶಾಫ್ಟಿಗೆ 1.4 ಕಿಲೋವ್ಯಾಟ್ ಬೇಕು, ಅಂದರೆ 2 ಎಚ್‌ಪಿ ಮೋಟಾರ್ ಅಂಚಿಗೆ ಬರುತ್ತದೆ, 3 ಎಚ್‌ಪಿ ಹಾಕುವುದು ಕ್ಷೇಮ.

ಇಷ್ಟು ಗುಣಾಕಾರವನ್ನು ಪ್ರತಿಯೊಬ್ಬ ಖರೀದಿದಾರರೂ ಮಾಡಬೇಕು. ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಇದನ್ನೇ ಕಲಿಸಿದ್ದೇನೆ.

ಛತ್ರದ_ಉಸ್ತುವಾರಿ
ಮೇಡಂ, ತುಂಬಾ ಧನ್ಯವಾದ. ಹಾಗಾದರೆ ಅವರು ಸುಳ್ಳು ಬರೆದರೇ?

ದ್ರವಬಲ
ಎರಡು ನಿಜಗಳನ್ನು ಒಂದೇ ಸಾಲಿನಲ್ಲಿ ಕೂರಿಸಿ ಸುಳ್ಳು ಮಾಡಿರಬಹುದು. ಪ್ರತಿ ಫ್ಯಾನಿಗೂ ಒಂದು ಕರ್ವ್, ಅಂದರೆ ಎಷ್ಟು ಒತ್ತಡದಲ್ಲಿ ಎಷ್ಟು ಗಾಳಿ ಎಂದು ತೋರಿಸುವ ರೇಖೆ, ಇರುತ್ತದೆ. ಬಾಯಿ ಪೂರ್ತಿ ತೆರೆದಾಗ ಅತಿ ಹೆಚ್ಚು ಗಾಳಿ ಬರುತ್ತದೆ, ಸ್ಟ್ಯಾಟಿಕ್ ಒತ್ತಡ ಸೊನ್ನೆ. ಬಾಯಿ ಪೂರ್ತಿ ಮುಚ್ಚಿದಾಗ ಒತ್ತಡ ಏರಿರುತ್ತದೆ, ಗಾಳಿ ಸೊನ್ನೆ. ಒಂದು ತುದಿಯ 3,800, ಇನ್ನೊಂದು ತುದಿಯ 40 ಎರಡನ್ನೂ ಹೆಕ್ಕಿ ಒಟ್ಟಿಗೆ ಬರೆದರೆ ಓದುವವರಿಗೆ ಅದು ಒಂದೇ ಬಿಂದು ಎನಿಸುತ್ತದೆ. ಆ ಬ್ಲೋವರ್ ನಿಮ್ಮ ಡಕ್ಟಿಗೆ ಬಂದ ಮೇಲೆ ಎರಡೂ ಸಿಗುವುದಿಲ್ಲ. "ಕರ್ವ್ ಕಳಿಸಿ, ಅದರ ಮೇಲೆ ನಮ್ಮ ಬಿಂದುವನ್ನು ಗುರುತು ಮಾಡಿ ಸಹಿ ಹಾಕಿ" ಎಂದು ಕೇಳಿ ನೋಡಿ.

ಪೀಣ್ಯ_ತಯಾರಕ
ನಾನು ಬ್ಲೋವರ್ ತಯಾರಿಸುವವನು, ಆದ್ದರಿಂದ ನಮ್ಮ ಕಡೆಯ ಮಾತೂ ಬರಲಿ. ಮೇಲಿನ ಕೊಟೇಶನ್ ಕೊಟ್ಟವರು ತಪ್ಪು ಮಾಡಿದ್ದಾರೆ, ಅದನ್ನು ಸಮರ್ಥಿಸುವುದಿಲ್ಲ. ಆದರೆ ಮುದ್ರೆ ಇಲ್ಲದವರೆಲ್ಲ ಕಳ್ಳರು ಎಂಬ ಧಾಟಿ ಸರಿಯಲ್ಲ. ನಮ್ಮಲ್ಲಿ ಒಂದೊಂದು ಆರ್ಡರಿಗೆ ಒಂದೊಂದು ಅಳತೆ. ರಾಸಾಯನಿಕ ಕಾರ್ಖಾನೆಗೆ ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್), ಅಕ್ಕಿ ಗಿರಣಿಗೆ ಸವೆತ ತಡೆಯುವ ಬ್ಲೇಡು, ಬೇಕರಿಗೆ ಬಿಸಿ ತಡೆಯುವ ಶಾಫ್ಟು. ಪ್ರತಿಯೊಂದಕ್ಕೂ ಸಾಗಣೆ, ಪರೀಕ್ಷಾ ಶುಲ್ಕ, ವಾರ್ಷಿಕ ಶುಲ್ಕ ಕಟ್ಟಿದರೆ ಹತ್ತು ಜನರ ಕಾರ್ಖಾನೆ ಬಾಗಿಲು ಹಾಕಬೇಕಾಗುತ್ತದೆ. ಟೆಂಡರಿನಲ್ಲಿ "ಎಎಂಸಿಎ ಕಡ್ಡಾಯ" ಎಂಬ ಒಂದು ಸಾಲು ಸೇರಿಸಿದರೆ ಸಾಕು, ಸಣ್ಣವರೆಲ್ಲ ಹೊರಗೆ.

ಹವಾ_ಎಂಜಿನಿಯರ್
ಪೀಣ್ಯ ಅವರೇ, ನಿಮ್ಮ ಕಷ್ಟ ನಿಜ. ಆದರೆ ಪ್ರತಿ ಅಳತೆಗೂ ಪರೀಕ್ಷೆ ಬೇಕಿಲ್ಲ. ಆಕಾರದ ಅನುಪಾತ ಒಂದೇ ಇದ್ದರೆ ಚಿಕ್ಕ ಸೈಜನ್ನು ಪರೀಕ್ಷಿಸಿ, ಅದರ ದೊಡ್ಡ ಸೈಜುಗಳ ರೇಟಿಂಗನ್ನು ಫ್ಯಾನ್ ನಿಯಮಗಳಿಂದ (ಸೈಜ್, ವೇಗ ಬದಲಾದರೆ ಅಂಕಿ ಹೇಗೆ ಬದಲಾಗುತ್ತದೆ ಎಂಬ ಸೂತ್ರಗಳಿಂದ) ಲೆಕ್ಕ ಹಾಕಲು ಅವಕಾಶವಿದೆ. ಎಎಂಸಿಎ ಸದಸ್ಯರಾಗದೆಯೂ ಪ್ರಮಾಣೀಕರಣಕ್ಕೆ ಅರ್ಜಿ ಹಾಕಬಹುದು. ಒಂದೇ ಒಂದು ಸಾಲು, ಹಿಂದಕ್ಕೆ ಬಾಗಿದ ಬ್ಲೇಡಿನದು, ಮಾಡಿಸಿದರೆ ನಿಮ್ಮ ಅರ್ಧ ವ್ಯಾಪಾರಕ್ಕೆ ಅದು ಸಾಲುತ್ತದೆ.

ಪೀಣ್ಯ_ತಯಾರಕ
ಹೇಳಲು ಸುಲಭ. ಸಣ್ಣ ಕಾರ್ಖಾನೆಯ ತಿಂಗಳ ಲೆಕ್ಕ ನೋಡಿದವರು ಹೀಗೆ ಹೇಳುವುದಿಲ್ಲ. ನಾನು ಮಾಡುವುದು ಇಷ್ಟು: ಗ್ರಾಹಕರ ಎದುರಿಗೇ ನಮ್ಮ ಶೆಡ್ಡಿನಲ್ಲಿ ಡಕ್ಟ್ ಕಟ್ಟಿ, ಪಿಟೋ ಟ್ಯೂಬ್ (ಗಾಳಿಯ ವೇಗ ಅಳೆಯುವ ಕೊಳವೆ) ಹಿಡಿದು, ಅವರೇ ರೀಡಿಂಗ್ ಬರೆದುಕೊಳ್ಳಲು ಬಿಡುತ್ತೇನೆ. ಆಂಪಿಯರ್ ಎಷ್ಟು, ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಎಷ್ಟು ಎಂದು ಅವರ ಮುಂದೆಯೇ ನೋಡುತ್ತೇವೆ. ಇದು ಮುದ್ರೆಯಷ್ಟು ದೊಡ್ಡದಲ್ಲ, ಆದರೆ ಪ್ರಾಮಾಣಿಕವಾದದ್ದು.

ಕೋಳಿಫಾರಂ_ಹರಿಹರ
ನಮ್ಮ ಶೆಡ್ಡುಗಳಿಗೆ 50 ಇಂಚಿನ ಫ್ಯಾನ್ ಹಾಕುವಾಗಲೂ ಇದೇ ಗೋಳು. ಏಪ್ರಿಲ್ ತಿಂಗಳಲ್ಲಿ ಗಾಳಿ ಸಾಲದೆ ಕೋಳಿ ಸತ್ತರೆ ಮಾರಿದವನು ಬಂದು ನೋಡುವುದಿಲ್ಲ. ಕೃಷಿ ಫ್ಯಾನುಗಳಿಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಬೆಸ್ ಲ್ಯಾಬ್ ಎಂಬುದೊಂದಿದೆ. ಪರೀಕ್ಷಿಸಿದ ಫ್ಯಾನುಗಳ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ನಾನು ನೋಡುವುದು ಎರಡು ಅಂಕಿ. ಒಂದು, 0.05 ಇಂಚು ನೀರಿನ ಒತ್ತಡದಲ್ಲಿ ಒಂದು ವ್ಯಾಟ್‌ಗೆ ಎಷ್ಟು ಸಿಎಫ್‌ಎಂ. ಇನ್ನೊಂದು, ಒತ್ತಡ 0.05ರಿಂದ 0.20 ಇಂಚಿಗೆ ಏರಿದಾಗ ಗಾಳಿ ಎಷ್ಟು ಪಾಲು ಉಳಿಯುತ್ತದೆ ಎಂಬ ಅನುಪಾತ. ಎರಡನೆಯದು ಮುಖ್ಯ. ಕೂಲಿಂಗ್ ಪ್ಯಾಡಿನಲ್ಲಿ ಧೂಳು ಕಟ್ಟಿಕೊಂಡಾಗ, ಎದುರುಗಾಳಿ ಬೀಸಿದಾಗ ಯಾವ ಫ್ಯಾನ್ ಸೋಲುವುದಿಲ್ಲ ಎಂದು ಅದರಿಂದ ತಿಳಿಯುತ್ತದೆ.

ಮನೆಯೊಡತಿ_ಮೈಸೂರು
ಇದು ಸ್ವಲ್ಪ ಬೇರೆ ಪ್ರಶ್ನೆ. ಮನೆಯ ಸೀಲಿಂಗ್ ಫ್ಯಾನ್ ಮೇಲಿನ ನಕ್ಷತ್ರಗಳೂ ಇದೇ ಬಗೆಯ ಪ್ರಮಾಣವೇ? ಅಂಗಡಿಯವರು ಐದು ನಕ್ಷತ್ರ ಎಂದರೆ ಹೆಚ್ಚು ಗಾಳಿ ಎನ್ನುತ್ತಾರೆ.

ಹವಾ_ಎಂಜಿನಿಯರ್
ಅಂಗಡಿಯವರ ಮಾತು ಅರ್ಧ ಸರಿ. ನಕ್ಷತ್ರ ಕೊಡುವುದು ಬಿಇಇ, ಅಂದರೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ. ಸೀಲಿಂಗ್ ಫ್ಯಾನಿಗೆ 2023ರ ಜನವರಿ 1ರಿಂದ ಕಡ್ಡಾಯ. ಅಳೆಯುವುದು ಸರ್ವೀಸ್ ವ್ಯಾಲ್ಯೂ: ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ, ಅದನ್ನು ವ್ಯಾಟ್‌ನಿಂದ ಭಾಗಿಸಿದ್ದು. ಆಗ ಬಂದ ಪಟ್ಟಿಯ ಪ್ರಕಾರ 1200 ಮಿ.ಮೀ. ಫ್ಯಾನಿಗೆ ಐದು ನಕ್ಷತ್ರ ಬೇಕಾದರೆ ಅದು ಕನಿಷ್ಠ 6 ಇರಬೇಕಿತ್ತು. 210 ಘನ ಮೀಟರ್ ಗಾಳಿಯನ್ನು 35 ವ್ಯಾಟ್‌ನಲ್ಲಿ ಕೊಟ್ಟರೆ ಸರಿಯಾಗಿ 6. ಹಳೆಯ ಮೋಟಾರಿನ ಫ್ಯಾನ್ ಇದೇ ಗಾಳಿಗೆ 70-75 ವ್ಯಾಟ್ ತಿನ್ನುತ್ತಿತ್ತು. ಆದ್ದರಿಂದ ನಕ್ಷತ್ರ ಹೇಳುವುದು ಕರೆಂಟಿನ ಉಳಿತಾಯವನ್ನು. ಗಾಳಿ ಎಷ್ಟು ಎಂಬುದು ಬೇರೆ ಅಂಕಿ, ಅದನ್ನೂ ಓದಿಯೇ ಕೊಳ್ಳಿ.

ಮನೆಯೊಡತಿ_ಮೈಸೂರು
ಅರ್ಥವಾಯಿತು. ಐಎಸ್‌ಐ ಗುರುತು?

ದ್ರವಬಲ
ಅದು ಬಿಐಎಸ್‌ನದು, ಅಂದರೆ ಭಾರತೀಯ ಮಾನಕ ಬ್ಯೂರೋದ್ದು, ಸೀಲಿಂಗ್ ಫ್ಯಾನಿಗೆ ಐಎಸ್ 374 ಮಾನದಂಡ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿಗೆ, ಯಾವ ವಸ್ತುವಿಗೆ ಎಂದು ಬರುತ್ತದೆ. ಸಂಖ್ಯೆ ಇಲ್ಲದ ಗುರುತು ಬರೀ ಚಿತ್ರ.

ಇಲಿನಾಯ್_ಕನ್ನಡಿಗ
ಎಎಂಸಿಎ ಕೇಂದ್ರ ಕಚೇರಿ ಮತ್ತು ಪ್ರಯೋಗಾಲಯ ಇರುವುದು ನಮ್ಮ ಕಡೆಯೇ, ಷಿಕಾಗೋ ಹೊರವಲಯದ ಆರ್ಲಿಂಗ್ಟನ್ ಹೈಟ್ಸ್‌ನಲ್ಲಿ. ಇಲ್ಲಿ ಮನೆಗಳ ಬಾತ್‌ರೂಮ್ ಫ್ಯಾನಿಗೆ ಇನ್ನೊಂದು ಸಂಸ್ಥೆಯ ಮುದ್ರೆ ನೋಡುತ್ತಾರೆ: ಹೋಮ್ ವೆಂಟಿಲೇಟಿಂಗ್ ಇನ್‌ಸ್ಟಿಟ್ಯೂಟ್, ಎಚ್‌ವಿಐ, 1955ರಲ್ಲಿ ಶುರುವಾದದ್ದು. ಡಬ್ಬದ ಮೇಲೆ 0.1 ಇಂಚು ಒತ್ತಡದಲ್ಲಿ ಎಷ್ಟು ಸಿಎಫ್‌ಎಂ, ಎಷ್ಟು ಸೋನ್ (ಕಿವಿಗೆ ಕೇಳಿಸುವ ಸದ್ದಿನ ಅಳತೆ) ಸದ್ದು ಎಂದು ಅಚ್ಚಾಗಿರುತ್ತದೆ. ಇಲ್ಲಿನ ಮಾನದಂಡದ ಪ್ರಕಾರ, ಬಳಸುವಾಗ ಮಾತ್ರ ಹಾಕುವ ಬಾತ್‌ರೂಮ್ ಫ್ಯಾನಿಗೆ 50 ಸಿಎಫ್‌ಎಂ ಬೇಕು.

ಆದರೆ ನಮ್ಮ ಮನೆಯಲ್ಲಿ ಮುದ್ರೆಯ ಫ್ಯಾನ್ ಇದ್ದೂ ಕನ್ನಡಿಯ ಮೇಲಿನ ಹಬೆ ಹೋಗುತ್ತಿರಲಿಲ್ಲ. ಅಟ್ಟಕ್ಕೆ ಹತ್ತಿ ನೋಡಿದರೆ, ಕಟ್ಟಿದವರು ಸುರುಳಿ ಡಕ್ಟನ್ನು ಎರಡು ಕಡೆ ಮಡಚಿ ಒತ್ತಿಬಿಟ್ಟಿದ್ದರು. ಗಟ್ಟಿ ಪೈಪು ಹಾಕಿಸಿದ ಮೇಲೆ ಅದೇ ಫ್ಯಾನ್ ಚೆನ್ನಾಗಿ ಎಳೆಯುತ್ತಿದೆ.

ಡಕ್ಟ್_ಮೇಸ್ತ್ರಿ
ಇಲಿನಾಯ್ ಅವರು ಹೇಳಿದ್ದೇ ನೂರಕ್ಕೆ ನೂರು ಸತ್ಯ. ಎಷ್ಟೇ ದೊಡ್ಡ ಮುದ್ರೆಯ ಫ್ಯಾನ್ ತಂದರೂ ಬಾಯಿಗೇ ಎಲ್ಬೋ (ಡಕ್ಟಿನ ತಿರುವು) ಕೂರಿಸಿದರೆ ಮುಗಿಯಿತು. ಜಾಗ ಇಲ್ಲ, ಗೋಡೆ ಬಂತು, ಇಲ್ಲೇ ತಿರುಗಿಸಿ ಎಂದು ಸಿವಿಲ್ ಗುತ್ತಿಗೆದಾರರು ಒತ್ತಾಯ ಮಾಡುತ್ತಾರೆ. ಆಮೇಲೆ ಗಾಳಿ ಬರುತ್ತಿಲ್ಲ ಎಂದು ನಮ್ಮನ್ನು ಬೈಯುತ್ತಾರೆ.

ಇನ್ನೊಂದು ಕಣ್ಣಾರೆ ಕಂಡದ್ದು. ಒಂದು ಹಾಸ್ಟೆಲ್ ಅಡುಗೆಮನೆ, ಬ್ಲೋವರ್ ಹೊಸದು, ಹೊಗೆ ಅಲ್ಲೇ ಸುತ್ತುತ್ತಿತ್ತು. ಕಂಪನಿಯವರು ಬಂದರು, ಡಕ್ಟ್ ಚಿಕ್ಕದು ಎಂದರು. ಹಾಸ್ಟೆಲ್‌ನವರು ಫ್ಯಾನ್ ಬದಲಿಸಿ ಎಂದರು. ನಾನು ಪುಲ್ಲಿ ನೋಡಿದೆ, ಕವಚದ ಮೇಲಿನ ಬಾಣದ ಗುರುತಿಗೆ ಎದುರಾಗಿ ತಿರುಗುತ್ತಿತ್ತು. ಮೂರು ಫೇಸಿನಲ್ಲಿ ಎರಡು ವಯರ್ ಅದಲುಬದಲಾಗಿತ್ತು, ಅಷ್ಟೇ.

ಮನೆಯೊಡತಿ_ಮೈಸೂರು
ಉಲ್ಟಾ ತಿರುಗಿದರೆ ಗಾಳಿ ಒಳಗೆ ಬರಬೇಕಲ್ಲವೇ? ಗೊತ್ತಾಗಲಿಲ್ಲವೇ ಯಾರಿಗೂ?

ದ್ರವಬಲ
ಒಳ್ಳೆಯ ಪ್ರಶ್ನೆ. ಗೋಡೆಯ ಎಕ್ಸಾಸ್ಟ್ ಫ್ಯಾನಿನಂತಹ ಪ್ರೊಪೆಲ್ಲರ್ ಉಲ್ಟಾ ತಿರುಗಿದರೆ ಗಾಳಿಯೂ ಉಲ್ಟಾ. ಸೆಂಟ್ರಿಫ್ಯೂಗಲ್ ಹಾಗಲ್ಲ. ಚಕ್ರ ಯಾವ ಕಡೆ ತಿರುಗಿದರೂ ಗಾಳಿ ನಡುವಿನಿಂದ ಒಳಹೋಗಿ ಅಂಚಿನಿಂದ ಹೊರಬೀಳುತ್ತದೆ. ದಿಕ್ಕು ಸರಿಯಾಗಿಯೇ ಇರುತ್ತದೆ, ಪ್ರಮಾಣ ಮಾತ್ರ ತೀರಾ ಕಡಿಮೆ. ಕಾಗದ ಹಿಡಿದು ನೋಡಿದವರು "ಎಳೆಯುತ್ತಿದೆ" ಎಂದು ಬಿಟ್ಟಿರುತ್ತಾರೆ.

ಸುರತ್ಕಲ್_ಸೈಟ್
ಫ್ಯಾನಿನ ಬಗ್ಗೆಯೇ ಮಾತು ನಡೆಯುತ್ತಿದೆ, ಕರಾವಳಿಯವರಿಗೆ ಲೂವರ್ ಕೂಡ ಅಷ್ಟೇ ದೊಡ್ಡ ತಲೆನೋವು. ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಪಟ್ಟಿಗಳ ನಡುವಿನಿಂದ ಜೂನ್ ಮಳೆ ನೇರ ವಿದ್ಯುತ್ ಪ್ಯಾನಲ್ ಕೋಣೆಗೆ ಬರುತ್ತದೆ. ಅದಕ್ಕೂ ಎಎಂಸಿಎ 500-ಎಲ್ ಪರೀಕ್ಷೆ ಇದೆ. ಗಾಳಿ ಸಹಿತ ಮಳೆಯ ಪರೀಕ್ಷೆಯಲ್ಲಿ ಒಂದು ಮಟ್ಟ ಸೆಕೆಂಡಿಗೆ 13 ಮೀಟರ್ ಗಾಳಿ, ಗಂಟೆಗೆ 75 ಮಿ.ಮೀ. ಮಳೆ, ಇನ್ನೊಂದು 22 ಮೀಟರ್ ಗಾಳಿ, 200 ಮಿ.ಮೀ. ಮಳೆ. 99 ಶೇಕಡಾ ನೀರು ತಡೆದರೆ ಎ ದರ್ಜೆ. ನಮ್ಮ ಸೈಟಿಗೆ ಬಂದ ಲೂವರಿನ ಮೇಲೆ ಎಎಂಸಿಎ ಮುದ್ರೆ ಇತ್ತು, ಎಲ್ಲರಿಗೂ ಸಮಾಧಾನ. ಮುದ್ರೆಯನ್ನು ಹತ್ತಿರದಿಂದ ಓದಿದರೆ ಅದು ಗಾಳಿಯ ಹರಿವಿಗೆ ಮಾತ್ರ ಕೊಟ್ಟದ್ದು, ಮಳೆಗೆ ಅಲ್ಲ!

ಹವಾ_ಎಂಜಿನಿಯರ್
ಇದು ಎಲ್ಲರೂ ಗಮನಿಸಬೇಕಾದ ವಿಷಯ. ಫ್ಯಾನಿನಲ್ಲೂ ಹಾಗೆಯೇ: ಗಾಳಿಗೆ ಮಾತ್ರದ ಮುದ್ರೆ ಬೇರೆ, ಸದ್ದು ಮತ್ತು ಗಾಳಿ ಎರಡಕ್ಕೂ ಕೊಟ್ಟ ಮುದ್ರೆ ಬೇರೆ. ಛತ್ರದವರಿಗೆ ಸದ್ದೂ ಮುಖ್ಯ, ಪಕ್ಕದಲ್ಲೇ ಮಂಟಪ ಇರುತ್ತದೆ, ನಾದಸ್ವರದ ನಡುವೆ ಬ್ಲೋವರ್ ಮೊರೆದರೆ ಯಾರಿಗೂ ಹಿತವಲ್ಲ. ಬರೀ "65 ಡೆಸಿಬಲ್" ಎಂದು ಬರೆದುಕೊಟ್ಟರೆ ಒಪ್ಪಬೇಡಿ. ಎಷ್ಟು ದೂರದಲ್ಲಿ, ಯಾವ ಜಾಗದಲ್ಲಿ ಅಳೆದದ್ದು ಎಂದು ಕೇಳಿ. ದೂರ ಹೇಳದ ಡೆಸಿಬಲ್‌ಗೆ ಅರ್ಥವಿಲ್ಲ.

ಪೀಣ್ಯ_ತಯಾರಕ
ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಎಲ್ಲ ಕ್ಯಾಟಲಾಗಿನ ಅಂಕಿಗಳೂ ಘನ ಮೀಟರಿಗೆ 1.2 ಕಿಲೋ ತೂಗುವ ಗಾಳಿಗೆ, ಅಂದರೆ ಸಮುದ್ರ ಮಟ್ಟದ ಸುಮಾರು 20 ಡಿಗ್ರಿ ಗಾಳಿಗೆ. ತುಮಕೂರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಒಲೆಯ ಮೇಲಿನ ಹೊಗೆ 60 ಡಿಗ್ರಿ ಎಂದುಕೊಳ್ಳಿ. ಆಗ ಗಾಳಿ 0.96 ಕಿಲೋ ಮಾತ್ರ. ಸಿಎಫ್‌ಎಂ ಅಷ್ಟೇ ಬರುತ್ತದೆ, ಒತ್ತಡ ಮಾತ್ರ ಐದರಲ್ಲಿ ಒಂದು ಪಾಲು ಬೀಳುತ್ತದೆ. ಅಲ್ಲಿ 40 ಮಿ.ಮೀ. ಬೇಕಾದರೆ ಕ್ಯಾಟಲಾಗಿನಲ್ಲಿ 50 ಮಿ.ಮೀ. ಹುಡುಕಬೇಕು. ಮುದ್ರೆ ಇದ್ದರೂ ಇಲ್ಲದಿದ್ದರೂ ಈ ಲೆಕ್ಕ ತಪ್ಪದು.

ದ್ರವಬಲ
ಲೆಕ್ಕ ಸರಿ, ತೀರ್ಮಾನದಲ್ಲಿ ಎಚ್ಚರ ಬೇಕು. ತೆಳುವಾದ ಗಾಳಿಗೆ ಡಕ್ಟಿನಲ್ಲಿ ಆಗುವ ನಷ್ಟವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಸಲಹೆಗಾರರು 40 ಮಿ.ಮೀ. ಎಂದು ಲೆಕ್ಕ ಹಾಕಿದ್ದು 1.2 ಕಿಲೋ ಗಾಳಿಗಾದರೆ ಮತ್ತೆ 50 ಮಾಡಬಾರದು, ಎರಡು ಸಲ ತಿದ್ದಿದಂತಾಗುತ್ತದೆ. ಬಿಸಿ ಹೊಗೆಗೇ ಲೆಕ್ಕ ಹಾಕಿದ್ದರೆ ಪೀಣ್ಯದವರು ಹೇಳಿದಂತೆ 50. ಮೊದಲು ಅವರನ್ನು ಕೇಳಬೇಕು.

ಪೀಣ್ಯ_ತಯಾರಕ
ಒಪ್ಪಿದೆ ಮೇಡಂ. ಆದರೆ ನಮಗೆ ಬರುವ ಹತ್ತರಲ್ಲಿ ಒಂಬತ್ತು ವಿಚಾರಣೆಗಳಲ್ಲಿ ಯಾವ ತಾಪಮಾನಕ್ಕೆ ಎಂದು ಬರೆದಿರುವುದೇ ಇಲ್ಲ.

ಕೋಳಿಫಾರಂ_ಹರಿಹರ
ಗಾಳಿ ಸಾಲದಿದ್ದರೆ ಪುಲ್ಲಿ ಬದಲಿಸಿ ವೇಗ ಹೆಚ್ಚಿಸಿದರೆ ಆಯಿತಲ್ಲ? ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ.

ಡಕ್ಟ್_ಮೇಸ್ತ್ರಿ
ಹಾಗೆ ಮಾಡಿಯೇ ಮೋಟಾರ್ ಸುಡುವುದು.

ದ್ರವಬಲ
ವೇಗ 20 ಶೇಕಡಾ ಏರಿಸಿದರೆ ಗಾಳಿ 20 ಶೇಕಡಾ ಏರುತ್ತದೆ, ಒತ್ತಡ 44 ಶೇಕಡಾ, ಬೇಡುವ ಶಕ್ತಿ 73 ಶೇಕಡಾ. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಏರುತ್ತದೆ. 2 ಎಚ್‌ಪಿ ಮೋಟಾರಿಗೆ ಆಗಲೇ ತುಂಬಾ ಹೊರೆ ಇದ್ದರೆ ಈ ಹೆಚ್ಚುವರಿಯನ್ನು ಅದು ತಾಳುವುದಿಲ್ಲ. ಚಕ್ರಕ್ಕೂ ಗರಿಷ್ಠ ವೇಗದ ಮಿತಿ ಇರುತ್ತದೆ, ಅದನ್ನು ದಾಟುವುದು ಅಪಾಯ.

ಛತ್ರದ_ಉಸ್ತುವಾರಿ
ಎಲ್ಲರ ಉತ್ತರಗಳನ್ನೂ ಸಮಿತಿಯಲ್ಲಿ ಓದಿ ಹೇಳಿದೆ. ಸಲಹೆಗಾರರಿಗೆ ಫೋನ್ ಮಾಡಿದೆ, 40 ಮಿ.ಮೀ. ಲೆಕ್ಕ ಹಾಕಿದ್ದು 1.2 ಕಿಲೋ ಗಾಳಿಗೇ ಅಂತೆ, ಆದ್ದರಿಂದ ಅದನ್ನು ತಿದ್ದಬೇಕಿಲ್ಲ. ಎರಡನೆಯ ಕೊಟೇಶನ್‌ನವರಿಗೆ ಕರ್ವ್ ಕಳಿಸಿ ಎಂದೆ. "ಅದೆಲ್ಲ ದೊಡ್ಡ ಪ್ರಾಜೆಕ್ಟಿಗೆ" ಎಂದರು, ಆಮೇಲೆ ಉತ್ತರವಿಲ್ಲ. ಮೊದಲನೆಯವರ ಮಾದರಿ ಪಟ್ಟಿಯಲ್ಲಿ ಸಿಕ್ಕಿತು, ಸದ್ದು ಮತ್ತು ಗಾಳಿ ಎರಡಕ್ಕೂ ಇದೆ. ಆದರೆ ಸಮಿತಿಯ ಕೆಲವರು ಪೀಣ್ಯದವರ ರೀತಿಯಲ್ಲಿ ಎದುರಿಗೇ ಅಳೆದು ತೋರಿಸುವ ಸ್ಥಳೀಯರನ್ನೂ ಕೇಳೋಣ ಎನ್ನುತ್ತಿದ್ದಾರೆ. ಹಾಗೆ ಮಾಡಿದರೆ ಆರ್ಡರಿನಲ್ಲಿ ಏನು ಬರೆಯಬೇಕು?

ಹವಾ_ಎಂಜಿನಿಯರ್
ಧಾರಾಳವಾಗಿ ಕೇಳಿ. ಈ ಒಂದು ಬ್ಲೋವರಿಗೆ ಸಾಕ್ಷಿ ಪರೀಕ್ಷೆ ನಿಜವಾಗಿಯೂ ಒಳ್ಳೆಯ ಬದಲಿ. ಹೀಗೆ ಬರೆಯಿರಿ: "3,800 ಸಿಎಫ್‌ಎಂ ಹರಿವಿನಲ್ಲಿ, ಅದೇ ಬಿಂದುವಿನಲ್ಲಿ, 40 ಮಿ.ಮೀ. ಸ್ಟ್ಯಾಟಿಕ್ ಒತ್ತಡ, ಗಾಳಿಯ ಸಾಂದ್ರತೆ 1.2, ಆ ಬಿಂದುವಿನ ಆರ್‌ಪಿಎಂ ಮತ್ತು ಶಾಫ್ಟ್ ಶಕ್ತಿ ನಮೂದಿಸಬೇಕು, ರವಾನೆಗೆ ಮೊದಲು ಖರೀದಿದಾರರ ಎದುರು ಪರೀಕ್ಷೆ, ಕೊನೆಯ ಕಂತಿನ ಹಣ ಅಳವಡಿಕೆಯ ನಂತರದ ಹರಿವಿನ ಅಳತೆಯ ಮೇಲೆ." ಹೊರಗಿನ ಪ್ರಯೋಗಾಲಯದ ವರದಿ ಕೊಟ್ಟರೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ವ್ಯಾಪ್ತಿ ಪತ್ರವನ್ನೂ ತರಿಸಿಕೊಳ್ಳಿ. ಪ್ರಯೋಗಾಲಯಕ್ಕೆ ಮಾನ್ಯತೆ ಇದ್ದರೆ ಸಾಲದು, ಫ್ಯಾನಿನ ಗಾಳಿ ಪರೀಕ್ಷೆ ಆ ಪಟ್ಟಿಯಲ್ಲಿ ಇರಬೇಕು.

ಪೀಣ್ಯ_ತಯಾರಕ
ಇಂತಹ ಆರ್ಡರ್ ಬಂದರೆ ನಮ್ಮಂಥವರಿಗೆ ಸಂತೋಷ. ಕೆಲಸ ಬಲ್ಲವರು ಉಳಿಯುತ್ತಾರೆ, ಸುಮ್ಮನೆ ಬರೆದುಕೊಡುವವರು ತಾವಾಗಿಯೇ ಹಿಂದೆ ಸರಿಯುತ್ತಾರೆ.

ಛತ್ರದ_ಉಸ್ತುವಾರಿ
ಅಳವಡಿಸಿದ ಮೇಲೆ ಹರಿವು ಅಳೆಯುವುದು ಎಲ್ಲಿ? ಹುಡ್‌ನ ಬಾಯಲ್ಲೋ, ಡಕ್ಟ್‌ನಲ್ಲೋ?

ಡಕ್ಟ್_ಮೇಸ್ತ್ರಿ
ಡಕ್ಟ್‌ನಲ್ಲಿ. ಹುಡ್‌ನ ಬಾಯಲ್ಲಿ ಗಾಳಿ ಒಂದೊಂದು ಕಡೆ ಒಂದೊಂದು ರೀತಿ ಬರುತ್ತದೆ, ಕಿಟಕಿ ತೆರೆದರೆ ಅಂಕಿ ಬದಲಾಗುತ್ತದೆ. ಎಲ್ಬೋ ಆದ ಮೇಲೆ ಉದ್ದನೆಯ ನೇರ ಭಾಗ ಸಿಗುವ ಕಡೆ ತೂತು ಕೊರೆಯಿರಿ. ನಡುವೆ ಒಂದೇ ಕಡೆ ಹಿಡಿದರೆ ಹೆಚ್ಚು ತೋರಿಸುತ್ತದೆ, ಆದ್ದರಿಂದ ಅಗಲ, ಎತ್ತರ ಎರಡನ್ನೂ ಸಮ ಚೌಕಗಳಾಗಿ ಭಾಗಿಸಿ ಪ್ರತಿ ಚೌಕದ ಮಧ್ಯದಲ್ಲಿ ಅಳೆದು ಸರಾಸರಿ ತೆಗೆಯಬೇಕು. ಡಕ್ಟ್ ಇನ್ನೂ ಕಟ್ಟದಿದ್ದರೆ ಆ ತೂತುಗಳನ್ನು ಮುಚ್ಚಳ ಸಹಿತ ಈಗಲೇ ಡ್ರಾಯಿಂಗಿನಲ್ಲಿ ಹಾಕಿಸಿ, ಎಣ್ಣೆ ಸೋರದಂತೆ ಮೇಲ್ಭಾಗದಲ್ಲಿ ಬರಲಿ. ಫಾಲ್ಸ್ ಸೀಲಿಂಗ್ ಹಾಕಿದ ಮೇಲೆ ಯಾರೂ ಕೊರೆಯಲು ಬಿಡುವುದಿಲ್ಲ.